ಗಾಜಿನ ಮನೆಯ ಗುಟ್ಟು



‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಮ್ಮ ತಾಯಂದಿರು ನಮಗೆ ಹೇಳಿದರು, ನಾವು ನಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತಾ ಬಂದಿದ್ದೇವೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ತವರಿನಲ್ಲಿ ಎರಡು ದಿನ ಹೆಚ್ಚಿಗೆ ಉಳಿದಳೆಂದು ಬರುವ ಜಗಳಕ್ಕೆ ಈ ಮಾತು ಸರಿಯೇ. ಆದರೆ ಗಂಡ ಕೈ ಎತ್ತುವ ಮನೆಗೂ ಇದೇ ಗಾದೆಯನ್ನು ಒಯ್ದು ಅಂಟಿಸುತ್ತೇವಲ್ಲ, ಅದು ಎಷ್ಟರ ಮಟ್ಟಿಗೆ ಸರಿ? ಈ ಪ್ರಶ್ನೆ ನನ್ನ ತಲೆಯಲ್ಲಿ ಎದ್ದದ್ದು ಅಮೆರಿಕದ ಒಂದು ಟೀವಿ ಧಾರಾವಾಹಿ ನೋಡುವಾಗ. ಅದರ ಹೆಸರು ‘ಬಿಗ್ ಲಿಟಲ್ ಲೈಸ್’. ಸುಳ್ಳುಗಳ ಕಥೆ ಅನ್ನಿ, ಸಾಕು.

“ಅಯ್ಯೋ, ಆ ಸಾಹುಕಾರರ ಕಥೆ ನಮಗ್ಯಾಕ್ರೀ?” ಅಂತೀರೇನೋ. ಸ್ವಲ್ಪ ತಾಳಿ.

ಇದರ ಮೂಲ ಲಿಯಾನ್ ಮೊರಿಯಾರ್ಟಿ ಎಂಬ ಲೇಖಕಿ 2014ರಲ್ಲಿ ಪ್ರಕಟಿಸಿದ ಕಾದಂಬರಿ. ಆಕೆ ಆಸ್ಟ್ರೇಲಿಯಾದವರು, ಕಥೆಯೂ ಅಲ್ಲಿಯದೇ. ಟೀವಿಗೆ ತರುವಾಗ ಅದನ್ನು ಕ್ಯಾಲಿಫೋರ್ನಿಯಾದ ಸಮುದ್ರದಂಡೆಯ ಮಾಂಟೆರೆ ಎಂಬ ಊರಿಗೆ ಕೊಂಡೊಯ್ದರು. ಎಚ್‌ಬಿಒ ವಾಹಿನಿಯಲ್ಲಿ 2017ರಲ್ಲಿ ಏಳು ಕಂತು, 2019ರಲ್ಲಿ ಮತ್ತೆ ಏಳು ಕಂತು ಬಂದವು. ಸಮುದ್ರಕ್ಕೆ ಮುಖ ಮಾಡಿದ ಗಾಜಿನ ಗೋಡೆಯ ಮನೆಗಳು, ನಮ್ಮ ನಡುಮನೆಗಿಂತ ದೊಡ್ಡ ಅಡುಗೆಮನೆಗಳು, ಮಕ್ಕಳನ್ನು ಶಾಲೆಗೆ ಬಿಡಲು ಸಾಲುಗಟ್ಟುವ ಕಾರುಗಳು. ನೋಡಿದರೆ ಯಾರಿಗಾದರೂ ಒಂದು ಕ್ಷಣ ಹೊಟ್ಟೆಕಿಚ್ಚಾಗಬೇಕು!

ಮಕ್ಕಳು ಒಂದನೆಯ ತರಗತಿಗೆ ಸೇರಿದ ಮೊದಲ ದಿನವೇ ಅಮಾಬೆಲಾ ಎಂಬ ಪುಟ್ಟ ಹುಡುಗಿಯ ಕತ್ತನ್ನು ಯಾರೋ ಹಿಸುಕಿದ ಗುರುತು ಕಾಣುತ್ತದೆ. ಅಪವಾದ ಬರುವುದು ಊರಿಗೆ ಹೊಸಬಳಾದ, ಗಂಡನಿಲ್ಲದ ಬಡ ತಾಯಿ ಜೇನ್‌ಳ ಮಗನ ಮೇಲೆ. ಬಡವರ ಮಗುವಿನ ಮೇಲೆ ಅನುಮಾನ ಎಷ್ಟು ಬೇಗ ಬರುತ್ತದೆ ನೋಡಿ! ಅಲ್ಲಿಂದ ತಾಯಂದಿರಲ್ಲಿ ಎರಡು ಪಂಗಡ. ಮಾತಿನಮಲ್ಲಿ ಮ್ಯಾಡಲೀನ್‌ಗೆ ಬೇರೊಬ್ಬನ ಜೊತೆಗಿನ ಸಂಬಂಧ ಮುಚ್ಚಿಡುವ ತಾಪತ್ರಯ. ರೆನಾಟಾಗೆ ದುಡ್ಡಿನ ಗರ್ವ. ಎರಡನೆಯ ಭಾಗದಲ್ಲಿ ಗಂಡ ದಿವಾಳಿಯಾದಾಗ ಆಕೆಯ ಕೂಗಾಟ ನೋಡಬೇಕು! ಇವರೆಲ್ಲರ ಕಥೆ ರುಚಿಕರವೇ. ನನ್ನ ಮನಸ್ಸಿಗೆ ನಾಟಿದವಳು ಮಾತ್ರ ಸೆಲೆಸ್ಟ್. ಅವಳ ಕಥೆಯನ್ನು ಕೊನೆಯವರೆಗೂ ಹೇಳಲಿದ್ದೇನೆ; ಗುಟ್ಟು ಒಡೆಯಬಾರದು ಅನ್ನುವವರು ಈ ಪುಟವನ್ನು ಮಡಿಸಿಟ್ಟು, ನೋಡಿದ ಮೇಲೆ ಓದಿ.

ಸೆಲೆಸ್ಟ್ ವಕೀಲೆಯಾಗಿದ್ದವಳು. ಅವಳಿ ಗಂಡುಮಕ್ಕಳಾದ ಮೇಲೆ ಕೆಲಸ ಬಿಟ್ಟು ಮನೆ ಹಿಡಿದಿದ್ದಾಳೆ. ನಿಕೋಲ್ ಕಿಡ್‌ಮನ್ ಮಾಡಿದ ಪಾತ್ರ ಇದು. 2017ರ ಎಮ್ಮಿ ಪ್ರಶಸ್ತಿ ಆಕೆಗೆ ಬಂದದ್ದೂ ಇದಕ್ಕೇ. ಗಂಡ ಪೆರಿ ಆರಡಿ ಮೀರಿದ ಸುಂದರ, ಮಕ್ಕಳ ಜೊತೆ ಮಗುವಾಗುವವನು. ಊರಿನವರೆಲ್ಲ “ಎಂಥಾ ಜೋಡಿ!” ಅನ್ನುವವರೇ. ಮಕ್ಕಳ ಶಾಲೆಯ ಯಾವುದೋ ವಿಷಯ ತನಗೆ ಹೇಳಲಿಲ್ಲ ಎಂಬಷ್ಟಕ್ಕೇ ಅವನ ಕೈ ಅವಳ ಮೇಲೆ ಬೀಳುತ್ತದೆ. ಆಮೇಲೆ ಕಣ್ಣೀರು, ಕ್ಷಮೆ, ಒಡವೆ. ಅವಳು ಮೈಮೇಲಿನ ಕಂದುಗಟ್ಟಿದ ಕಲೆಗೆ ಬಣ್ಣ ಬಳಿದು, ತುಂಬುತೋಳಿನ ಉಡುಪು ತೊಟ್ಟು ಹೊರಗೆ ನಗುತ್ತಾಳೆ. ಒಮ್ಮೊಮ್ಮೆ ಅವಳೂ ತಿರುಗಿಸಿ ಹೊಡೆಯುತ್ತಾಳೆ. ಹಾಗಾಗಿ ತಪ್ಪು ತನ್ನದೂ ಇದೆ ಎಂದು ತನಗೆ ತಾನೇ ಒಪ್ಪಿಸಿಕೊಂಡಿದ್ದಾಳೆ. ಈ ಲೆಕ್ಕಾಚಾರ ನಮ್ಮಲ್ಲಿ ಎಷ್ಟು ಮಂದಿಗೆ ಹೊಸದು, ಹೇಳಿ?

ಗಂಡ ಹೆಂಡತಿ ಇಬ್ಬರೂ ಒಬ್ಬ ಆಪ್ತ ಸಲಹೆಗಾರ್ತಿಯ ಬಳಿ ಹೋಗುತ್ತಾರೆ. ಆಮೇಲೆ ಸೆಲೆಸ್ಟ್ ಒಬ್ಬಳೇ ಹೋಗತೊಡಗುತ್ತಾಳೆ. ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ಜೀವ ಇರುವುದು ಈ ಪುಟ್ಟ ಕೋಣೆಯಲ್ಲಿ. ಅಲ್ಲಿ ಸಮುದ್ರವಿಲ್ಲ, ಸಂಗೀತವಿಲ್ಲ. ಇಬ್ಬರು ಹೆಂಗಸರು ಎದುರುಬದುರು ಕೂತಿದ್ದಾರೆ, ಅಷ್ಟೇ. ಸೆಲೆಸ್ಟ್ ಮಾತು ತಿರುಗಿಸುತ್ತಾಳೆ, ಗಂಡನನ್ನು ಹೊಗಳುತ್ತಾಳೆ. ಸಲಹೆಗಾರ್ತಿ ಅವಳನ್ನು ಗದರುವುದಿಲ್ಲ, “ಅಯ್ಯೋ ಪಾಪ” ಎನ್ನುವುದೂ ಇಲ್ಲ. ಮೆಲ್ಲಗೆ ಕೇಳುತ್ತಾ ಕೇಳುತ್ತಾ ಕೊನೆಗೆ ಮೂರು ವ್ಯವಹಾರದ ಮಾತು ಹೇಳುತ್ತಾಳೆ. ಒಬ್ಬ ಗೆಳತಿಗಾದರೂ ನಿಜ ಹೇಳು. ನಾಳೆ ಮಕ್ಕಳು ಯಾರ ಬಳಿ ಇರಬೇಕೆಂಬ ಪ್ರಶ್ನೆ ಬಂದಾಗ ಸಾಕ್ಷಿಗೆ ಒಬ್ಬರೂ ಇಲ್ಲದಿದ್ದರೆ ನಿನ್ನ ಮಾತನ್ನು ಯಾರು ನಂಬುತ್ತಾರೆ? ಬೇರೆ ಒಂದು ಮನೆ ಬಾಡಿಗೆಗೆ ಹಿಡಿ. ಅದರ ಫ್ರಿಜ್ಜಿನಲ್ಲಿ ಆಹಾರ ತುಂಬಿಸಿಡು.

ಫ್ರಿಜ್ಜಿನ ಮಾತು ಕೇಳಿ ನಾನು ಬೆರಗಾದೆ. ಮಕ್ಕಳನ್ನು ಎಬ್ಬಿಸಿಕೊಂಡು ಹೊರಟ ರಾತ್ರಿ “ಹಸಿವು” ಅಂತ ಅತ್ತರೆ ತಾಯಿ ಆ ಹಳೆಯ ಮನೆಗೇ ಹಿಂದಿರುಗಿಬಿಡುತ್ತಾಳೆ. ಇದು ಸಂಸಾರ ಬಲ್ಲವರಿಗೆ ಮಾತ್ರ ಹೊಳೆಯುವ ಮಾತು.

ಇಷ್ಟೆಲ್ಲಾ ಆದರೂ ಸೆಲೆಸ್ಟ್ ಒಂದು ನಂಬಿಕೆಯನ್ನು ಬಿಡುವುದಿಲ್ಲ: ಮಕ್ಕಳಿಗೆ ಏನೂ ಗೊತ್ತಿಲ್ಲ, ಅವರೆದುರು ಅವನು ಎಂದೂ ಹೊಡೆದಿಲ್ಲ. ಅಮಾಬೆಲಾಳ ಕತ್ತು ಹಿಸುಕಿದವನು ಯಾರೆಂದು ಕೊನೆಗೆ ತಿಳಿಯುತ್ತದೆ. ಸೆಲೆಸ್ಟ್‌ಳ ಅವಳಿಗಳಲ್ಲೊಬ್ಬ, ಮ್ಯಾಕ್ಸ್! ಗಾಜಿನ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಸಾಕೇ? ಸದ್ದು ಗೋಡೆ ದಾಟಿತ್ತು. ಶಾಲೆಯ ಸಮಾರಂಭದ ರಾತ್ರಿ ಪೆರಿ ಮೆಟ್ಟಿಲಿನಿಂದ ಬಿದ್ದು ಸಾಯುತ್ತಾನೆ. ಐವರು ಹೆಂಗಸರು ಪೊಲೀಸರಿಗೆ ಒಂದೇ ಸುಳ್ಳು ಹೇಳುತ್ತಾರೆ. ಅದನ್ನು ನಾನು ಮೆಚ್ಚುವುದಿಲ್ಲ. ಎರಡನೆಯ ಭಾಗದಲ್ಲಿ ಆ ಸುಳ್ಳು ಅವರನ್ನು ಸುಡುವುದನ್ನೂ ತೋರಿಸಿದ್ದಾರೆ.

ಎರಡನೆಯ ಭಾಗದಲ್ಲಿ ಅತ್ತೆ ಬರುತ್ತಾಳೆ. ಮೆರಿಲ್ ಸ್ಟ್ರೀಪ್ ಅಭಿನಯ ಎಂದ ಮೇಲೆ ಕೇಳಬೇಕೇ! ಮೆಲುದನಿಯಲ್ಲೇ ಚುಚ್ಚುವ ಆಕೆಗೆ ತನ್ನ ಮಗ ಅಂಥವನೆಂದು ನಂಬಲಾಗದು. ಮೊಮ್ಮಕ್ಕಳನ್ನು ತನಗೆ ಒಪ್ಪಿಸಬೇಕೆಂದು ಕೋರ್ಟಿಗೇ ಹೋಗುತ್ತಾಳೆ. ಅಲ್ಲಿ ಸೆಲೆಸ್ಟ್ ಹಳೆಯ ವಕೀಲಿಕೆಯನ್ನು ಮೈಗೂಡಿಸಿಕೊಂಡು ತಾನೇ ವಾದಕ್ಕೆ ನಿಲ್ಲುತ್ತಾಳೆ. ಕೋರ್ಟಿನಲ್ಲಿ ಒಂದು ವಿಡಿಯೋ ತೋರಿಸುತ್ತಾಳೆ. ಪೆರಿ ಅವಳನ್ನು ಹೊಡೆಯುತ್ತಿರುವ ಚಿತ್ರ. ತೆಗೆದವರು ಮಕ್ಕಳು. ಏನೂ ಗೊತ್ತಿಲ್ಲ ಅಂದುಕೊಂಡಿದ್ದ ಅದೇ ಮಕ್ಕಳು! ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಕಣ್ರೀ.

ಈಗ ನಮ್ಮ ಕಡೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಹೆಂಗಸರು ನೂರಕ್ಕೆ ಸುಮಾರು 44 ಮಂದಿ. ಬೇರೆ ಮನೆ ಬಾಡಿಗೆಗೆ ಹಿಡಿಯಲು ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ? ಆದರೆ ಸೆಲೆಸ್ಟ್‌ಗೆ ತೋಚದ ಒಂದು ದಾರಿ ನಮ್ಮ ಕಾನೂನಿನಲ್ಲಿದೆ. 2005ರಲ್ಲಿ ಆದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ ಪ್ರಕಾರ, ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ನಿಮಗಿದೆ. ಹೊಡೆಯುವವನನ್ನೇ ಹೊರಗಿರು ಎಂದು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಹೊಡೆತವೊಂದೇ ಅಲ್ಲ, ಹೀನಾಯವಾಗಿ ಬಯ್ಯುವುದು, ಮನೆಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದೂ ಈ ಕಾಯ್ದೆಯಲ್ಲಿ ಹಿಂಸೆಯೇ. ವಕೀಲರಿಗೆ ಕೊಡಲು ಹಣವಿಲ್ಲವೇ? ವರಮಾನ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ತುರ್ತಿಗೆ 112.

ಏಟು ಬಿದ್ದಾಗ ಸರ್ಕಾರಿ ಆಸ್ಪತ್ರೆಗೆ ಹೋಗಿ ನಿಜವನ್ನೇ ಹೇಳಿ ಬರೆಸಿಕೊಳ್ಳಿ. ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನಬೇಡಿ. ಆ ಚೀಟಿ, ಪಾಸ್‌ಬುಕ್ಕು, ಆಧಾರ್, ಮಕ್ಕಳ ಜನನ ಪತ್ರ ಇವುಗಳ ನಕಲನ್ನು ನಂಬಿಕಸ್ಥರೊಬ್ಬರ ಮನೆಯಲ್ಲಿಡಿ. ಸೆಲೆಸ್ಟ್‌ಳ ಬಾಡಿಗೆ ಮನೆಯ ಗುಟ್ಟು ಗಂಡನಿಗೆ ತಿಳಿದದ್ದು ಅವಳ ಫೋನಿನಿಂದ. ಆದ್ದರಿಂದ ಇಂಥ ಮಾತನ್ನು ಗೆಳತಿಯ ಫೋನಿನಲ್ಲಿ ಆಡುವುದು ಕ್ಷೇಮ.

ಧಾರಾವಾಹಿ ನೋಡುವ ಆಸೆಯಿದ್ದವರು ಮಕ್ಕಳಿಲ್ಲದ ಹೊತ್ತು ನೋಡಿಕೊಳ್ಳಿ. ಹೊಡೆತದ ದೃಶ್ಯಗಳು, ಮಲಗುವ ಕೋಣೆಯ ದೃಶ್ಯಗಳು ಬೇಕಾದಷ್ಟಿವೆ. ಬೈಗುಳಕ್ಕಂತೂ ಲೆಕ್ಕವೇ ಇಲ್ಲ!