ಕೃತಕ ಕಾಲು ಬಂತು, ಕೂಲಿಯವನ ಬಾಗಿಲಿಗೆ ಬಂತೆ?

ಯಂತ್ರಕ್ಕೆ ಕಾಲು ಕೊಟ್ಟವನು ಮತ್ತೆ ಯಂತ್ರದ ಮುಂದೆ ನಿಲ್ಲಬಲ್ಲನೆ? ನಿಲ್ಲಬಲ್ಲನೆಂದು ಇಂದಿನ ವಿಜ್ಞಾನ ಹೇಳುತ್ತಿದೆ. ಅವನನ್ನು ನಿಲ್ಲಿಸುವ ಹೊಣೆ ಯಾರದು ಎಂಬುದು ನಮ್ಮ ಪ್ರಶ್ನೆ.

1968ರಲ್ಲಿ ಜೈಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಪಿ. ಕೆ. ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ರಬ್ಬರಿನ ಪಾದವೊಂದನ್ನು ರೂಪಿಸಿದರು. ಪರದೇಶದ ಪಾದಕ್ಕೆ ಬೂಟು ಬೇಕಿತ್ತು. ಕುಕ್ಕರುಗಾಲಿನಲ್ಲಿ ಕೂರಲು ಅದು ಒಗ್ಗುತ್ತಿರಲಿಲ್ಲ. ಜೈಪುರದ ಪಾದ ತೊಟ್ಟವನು ಬೂಟಿಲ್ಲದೆ ಕೆಸರು ತುಳಿದ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತ. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಡಾಕ್ಟರಿಗೆ. ಕುಶಲಕರ್ಮಿಯ ಕೈಯನ್ನು ನೆನೆದವರು ಕಡಿಮೆ.

2022ರಲ್ಲಿ ಮದರಾಸಿನ ಐ.ಐ.ಟಿ.ಯವರು ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯೊಡನೆ ‘ಕದಂ’ ಎಂಬ ಕೃತಕ ಮಂಡಿಯನ್ನು ಹೊರತಂದರು. ಮಂಡಿಯ ಮೇಲಿನಿಂದ ಕಾಲು ಕಳೆದುಕೊಂಡವರಿಗಾಗಿ ಮಾಡಿದ್ದಿದು. ಒಂದೇ ಕೀಲಿನ ಮಂಡಿ ಭಾರ ಬಿದ್ದಾಗ ಮಡಿಚಿಕೊಂಡು ಆಳನ್ನು ಬೀಳಿಸುವುದುಂಟು. ಇದರಲ್ಲಿ ಹಲವು ಕೀಲುಗಳು ಜತೆಗೂಡಿ ಆಡುವುದರಿಂದ ನಿಲುವು ಭದ್ರ. 160 ಡಿಗ್ರಿಯವರೆಗೆ ಮಡಿಚಬಹುದಾದ್ದರಿಂದ ಬಸ್ಸಿನ ಇಕ್ಕಟ್ಟಿನಲ್ಲೂ ಕೂರಬಹುದು.

ಆದರೆ ಕಾಲು ತೊಡಿಸಿದ ಮಾತ್ರಕ್ಕೆ ನಡಿಗೆ ಬಾರದು. ಮೋಟುಗಾಲು ಕೂರುವ ಬಟ್ಟಲು ಅಳತೆಗೆ ಸರಿಯಾಗಿರಬೇಕು, ಇಲ್ಲವಾದರೆ ಹುಣ್ಣು. ಮೋಟುಗಾಲು ಸೊರಗಿದರೆ ಮತ್ತೆ ಹೊಸ ಅಳತೆ. ನಡಿಗೆ ಕಲಿಯಲು ವಾರಗಳೇ ಬೇಕು. ಆ ವಾರಗಳಲ್ಲಿ ಮನೆಯ ಒಲೆ ಉರಿಸುವವರು ಯಾರು?

ಗಿರಣಿಯ ಕಾರ್ಮಿಕನಿಗೆ ಇ.ಎಸ್.ಐ. ಉಂಟು, ಅದು 1948ರ ಶಾಸನದ ಫಲ. ಕೃತಕ ಅಂಗವೂ ಅದರಲ್ಲಿ ಸೇರಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಆಳು ಏನು ಮಾಡಬೇಕು? ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಸಣ್ಣ ಅಂಗಡಿಯಾತನಿಗೆ ಯಾವ ವಿಮೆ? 2016ರ ಅಂಗವಿಕಲರ ಹಕ್ಕುಗಳ ಕಾನೂನು, ವರಮಾನದ ಮಿತಿಯೊಳಗಿನವರಿಗೆ ಸಾಧನಗಳನ್ನು ಉಚಿತವಾಗಿ ಕೊಡುವ ಯೋಜನೆಯ ಮಾತಾಡುತ್ತದೆ. ಜತೆಗೇ, ಸರ್ಕಾರದ ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಗಂಟನ್ನೂ ಹಾಕಿದೆ. ಹೆಂಡತಿಯ ಓಲೆ ಅಡವಿಟ್ಟು ಕಾಲು ಕೊಳ್ಳುವವನ ಶಕ್ತಿಯ ಮಿತಿಯನ್ನು ಕೇಳಿದವರುಂಟೆ?

ನಾವು ಕೇಳುವುದಿಷ್ಟೆ: ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಅಳತೆ ತೆಗೆದು ಕಾಲು ಕೂಡಿಸುವ, ರಿಪೇರಿ ಮಾಡುವ ಕಮ್ಮಟವಿರಲಿ, ನಡಿಗೆ ಕಲಿಸುವವರಿರಲಿ. ಕಲಿಯುವ ದಿನಗಳಿಗೆ ಗಿರಣಿಯವನಿಗೂ ಅಂಗಡಿಯವನಿಗೂ ಭತ್ಯೆ ಸಿಗಲಿ. ಒಂದು ದಿನದ ಶಿಬಿರ ಮಾಡಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುವವರ ದಾನದಿಂದ ಇದು ಆಗದು. ದುಡಿದು ಸವೆದ ಕಾಲಿಗೆ ಬದಲಿ ಕಾಲು ಭಿಕ್ಷೆಯಲ್ಲ, ಬಾಕಿ. ಅದನ್ನು ವಸೂಲು ಮಾಡಬೇಕಾದವರು ನಾವೇ.