ಹೊಳೆಯ ಲೆಕ್ಕ ದಂಡೆಯವರಿಗೂ ಗೊತ್ತಾಗಲಿ

ಬಹಳ ದಿನಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಬರೆಯಲೇಬೇಕು ಅನ್ನಿಸುವ ಒಂದು ವಿಷಯ ಸಿಕ್ಕಿದೆ, ಅದಕ್ಕೇ ಬಂದೆ.

ಇತ್ತೀಚೆಗೆ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಎರಡು ದಿನ ಕೂತು ಬಂದೆ. ಪರಿಸರ ರಸಾಯನಶಾಸ್ತ್ರ ಮತ್ತು ಮಾಲಿನ್ಯ ಮಾಪನದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ. ನಾನೇನು ವಿಜ್ಞಾನಿ ಅಲ್ರೀ. ಗೋಕಾಕದಲ್ಲಿ ಬಿಎಸ್ಸಿ ಓದಿ, ಈಗ ಇಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಕಂಪನಿಯವರು ದುಡ್ಡು ಕಟ್ಟಿದ್ದರು, ಹೋದೆ. ಕೊರಳಿಗೆ ಪಟ್ಟಿ, ಕೈಗೊಂದು ಚೀಲ, ಚೀಲದಲ್ಲಿ ಸಾರಾಂಶಗಳ ದಪ್ಪ ಪುಸ್ತಕ. ಊಟ ಬಹಳ ಚೆನ್ನಾಗಿತ್ತು. (ಮೊದಲೇ ಹೇಳಿಬಿಡುತ್ತೇನೆ. ಮುಂದೆ ದೂರು ಹೇಳುವಾಗ, ಉಂಡ ಮನೆಯ ಜಂತೆ ಎಣಿಸುತ್ತಾನೆ ಅಂತ ನೀವು ಬೈಯುವುದು ಬೇಡ.)

ಅಲ್ಲಿ ಕಂಡ ವಿದ್ಯೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಕೀಟನಾಶಕ ಇದ್ದರೂ ಹಿಡಿದು ತೋರಿಸುವ ಯಂತ್ರಗಳಿವೆ. ಆದರೆ ಪೋಸ್ಟರುಗಳ ಸಾಲಿನಲ್ಲಿ ನಡೆದುಕೊಂಡು ಹೋಗುವಾಗ ಒಂದು ವಿಷಯ ಚುಚ್ಚತೊಡಗಿತು. ಅಲ್ಲಿ ಊರುಗಳಿಗೆ ಹೆಸರೇ ಇಲ್ಲ. ನೀರು ತೆಗೆದ ಜಾಗಗಳೆಲ್ಲ ಎಸ್-1, ಎಸ್-2, ಎಸ್-3. ನಮ್ಮ ಘಟಪ್ರಭೆಯ ಮೇಲೆ ಯಾರಾದರೂ ಪೋಸ್ಟರ್ ಮಾಡಿದ್ದರೆ ಹುಕ್ಕೇರಿ ಎಸ್-1 ಆಗುತ್ತಿತ್ತು, ಗೋಕಾಕ ಎಸ್-2, ಮೂಡಲಗಿ ಎಸ್-3. ಒಬ್ಬ ಸಂಶೋಧಕ ಹುಡುಗನನ್ನು ಕೇಳಿಯೇ ಬಿಟ್ಟೆ: "ಎಸ್-4ರಲ್ಲಿ ನೈಟ್ರೇಟ್ ಇಷ್ಟು ಜಾಸ್ತಿ ಇದೆಯಲ್ಲ, ಆ ಊರವರಿಗೆ ಹೇಳಿದಿರಾ?" ಪಾಪ, ಒಳ್ಳೆಯ ಹುಡುಗ, ತಬ್ಬಿಬ್ಬಾದ. "ಪೇಪರ್ ಪಬ್ಲಿಶ್ ಆಗುತ್ತೆ ಸರ್" ಅಂದ.

ಆ ಉತ್ತರ ನನಗೆ ಯಾಕೆ ನಾಟಿತು ಅಂದರೆ, ಅದಕ್ಕೂ ಮೊದಲೇ ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆದಿತ್ತು. ನನ್ನ ಅಕ್ಕನನ್ನು ಕೊಟ್ಟಿರುವುದು ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿಗೆ. ಸುತ್ತ ಎತ್ತ ನೋಡಿದರೂ ಕಬ್ಬು. ಮನೆಯ ಹಿಂದೆ ಬೋರು. ಅಕ್ಕ ಆ ನೀರನ್ನು ಚೆನ್ನಾಗಿ ಕುದಿಸಿ ಕೂಸಿಗೆ ಪುಡಿಹಾಲು ಕಲಸುತ್ತಿದ್ದಳು. ಕುದಿಸಿದರೆ ಸಾಕು ಅಂತ ನಮ್ಮವ್ವ ಕಲಿಸಿದ್ದು, ಡಾಕ್ಟರು ಹೇಳುವುದೂ ಅದೇ. ರೋಗಾಣುಗಳ ಮಟ್ಟಿಗೆ ಅದು ನಿಜ. ಆದರೆ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡ. ಮೀರಿದರೆ ಮೊದಲ ಅಪಾಯ ಹಸುಗೂಸುಗಳಿಗೆ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟುತ್ತದೆ. ಹೊಲಕ್ಕೆ ಸುರಿದ ಯೂರಿಯಾದಲ್ಲಿ ಬೆಳೆ ಹೀರದೆ ಬಿಟ್ಟದ್ದು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಚರಂಡಿ, ತಿಪ್ಪೆಗಳದ್ದೂ ಸೇರುತ್ತದೆ.

ಊರಿಗೆ ಹೋದಾಗ ಒಂದು ಬಾಟಲಿ ನೀರು ತಂದು ನಮ್ಮ ಲ್ಯಾಬಿನಲ್ಲಿ ಹಾಕಿದೆ. ಮಿತಿಗಿಂತ ಮೇಲಿತ್ತು. ಅವತ್ತೇ ಫೋನ್ ಮಾಡಿ ಕೂಸಿಗೆ ಬೇರೆ ನೀರು ಹಾಕು ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ತಮ್ಮಾ, ನಮ್ಮ ಬೋರಿನ ನೀರಷ್ಟ ನೋಡಿದಿ. ಬಾಜೂ ಮನಿಯಾಗ ಎರಡ ತಿಂಗಳ ಕೂಸೈತಿ. ಅವರದು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಸೀಮೆ ಗೊತ್ತಿಲ್ಲದವರಿಗೆ ಎರಡು ಮಾತು. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ನಿಲ್ಲುತ್ತಾಳೆ. ಅದು 51 ಟಿಎಂಸಿಯ ಜಲಾಶಯ. ಅಂಬೋಲಿಯ ಕಡೆಯಿಂದ ಹಿರಣ್ಯಕೇಶಿ ಸಂಕೇಶ್ವರದ ಮೇಲೆ ಹಾದು ಬಂದು ಅವಳನ್ನು ಸೇರುತ್ತಾಳೆ, ಬೆಳಗಾವಿಯ ಕಡೆಯಿಂದ ಮಾರ್ಕಂಡೇಯ ನದಿ. ಧೂಪದಾಳದ ಒಡ್ಡು ದಾಟಿ ಗೋಕಾಕ ಫಾಲ್ಸಿನಲ್ಲಿ ಧುಮುಕಿ, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ ಮುಟ್ಟಿ ಮುಂದೆ ಕೃಷ್ಣೆಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಕಬ್ಬು, ಸಕ್ಕರೆ ಕಾರ್ಖಾನೆ, ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಡಿಸ್ಟಿಲರಿ, ಊರುಗಳ ಚರಂಡಿ. ಕಾಲುವೆ ನೀರು ಹೆಚ್ಚಾದಲ್ಲಿ ಸವಳು-ಜವಳು. ಯಾರೋ ಒಬ್ಬರ ಮೇಲೆ ಬೆರಳು ಮಾಡಿ ಮುಗಿಸುವ ವಿಷಯ ಅಲ್ಲ ಇದು. ಯೂರಿಯಾ ಚೀಲ ಹೊತ್ತು ಹಾಕಿದವರಲ್ಲಿ ನಮ್ಮಪ್ಪನೂ ಇದ್ದಾನೆ.

ಸಮ್ಮೇಳನದಲ್ಲಿ ಇದೇ ಮಾತು ತೆಗೆದಾಗ ಹಿರಿಯರೊಬ್ಬರು ಸಮಾಧಾನವಾಗಿ ಹೇಳಿದರು, "ಜನರಿಗೆ ಈ ಅಂಕಿಗಳು ಅರ್ಥವಾಗುವುದಿಲ್ಲ, ಸುಮ್ಮನೆ ಹೆದರುತ್ತಾರೆ."

ಇದನ್ನು ನಾನು ಒಪ್ಪುವುದಿಲ್ಲ. ಬೇಕಾದರೆ ಅವರು ಒಂದು ದಿನ ನಮ್ಮ ಕಡೆಯ ಚಹಾದಂಗಡಿಯಲ್ಲಿ ಕೂತು ನೋಡಲಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತಿದ್ದರಲ್ಲ, ಆಗ ಅಲ್ಲಿ ಮಾತಾಡುತ್ತಿದ್ದದ್ದು ಏನು? ರಿಕವರಿ. ಶೇಕಡಾ 10.25 ಇದ್ದರೆ ಎಷ್ಟು, 11.25 ಇದ್ದರೆ ಎಷ್ಟು. ಕಬ್ಬಿನಲ್ಲಿ ಸಕ್ಕರೆಯ ಅಂಶ ಎಷ್ಟು ಅನ್ನುವುದು ಅಪ್ಪಟ ರಸಾಯನಶಾಸ್ತ್ರ ಸ್ವಾಮಿ! ಅದನ್ನು ದಶಮಾಂಶದ ತನಕ ಜಗಳಾಡುವವರಿಗೆ ನೈಟ್ರೇಟ್ 45 ಅನ್ನುವುದು ತಿಳಿಯುವುದಿಲ್ಲವೆ? 2019ರ ಆಗಸ್ಟಿನಲ್ಲಿ ಗೋಕಾಕ ಪೇಟೆಗೆ ನೀರು ನುಗ್ಗಿ ಲೋಳಸೂರ ಸೇತುವೆ ಮುಳುಗಿದಾಗ ನಮ್ಮ ಓಣಿಯ ಅಜ್ಜಿಯರೂ ಕ್ಯೂಸೆಕ್ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಹಿಡಕಲ್ಲಿನಿಂದ ಎಷ್ಟು ಬಿಟ್ಟರು, ಹಿರಣ್ಯಕೇಶಿಯಿಂದ ಎಷ್ಟು ಬಂತು, ಅಂದರೆ ಸಾಮಾನು ಅಟ್ಟಕ್ಕೆ ಏರಿಸಬೇಕೋ ಬೇಡವೋ. ತಮ್ಮ ಬದುಕಿಗೆ ತಾಗುವ ಅಂಕಿಯನ್ನು ಜನ ತಾವೇ ಕಲಿಯುತ್ತಾರೆ, ಅವರಿಗೆ ಅದು ಸಿಗಬೇಕು ಅಷ್ಟೆ.

ಬಿಓಡಿ ಅಂದರೇನು ಅಂತ ಕಾಕಾನಿಗೆ ಫೋನಿನಲ್ಲಿ ಹೇಳಿ ನೋಡಿದೆ. ಹೊಳೆಗೆ ಬಿದ್ದ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕ ಎಷ್ಟು ಖಾಲಿ ಮಾಡುತ್ತವೆ ಅನ್ನುವ ಲೆಕ್ಕ ಅದು. ಜಳಕ ಮಾಡುವ ಹೊಳೆಯಲ್ಲಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಡಿಸ್ಟಿಲರಿಯ ಹಸಿ ತ್ಯಾಜ್ಯದಲ್ಲಿ ಅದು ಹತ್ತಾರು ಸಾವಿರ ಇರುತ್ತದೆ, ಅದಕ್ಕೇ ಅದರ ಹನಿಯೂ ಹೊಳೆಗೆ ಬರಬಾರದು ಅಂತ ನಿಯಮ. ಕಾಕಾ ಕೇಳಿಸಿಕೊಂಡು, "ಅಂದ್ರ ಹೊಳಿಗೆ ಉಸಿರು ಕಟ್ಟತೈತಿ, ಮೀನ ಸಾಯ್ತಾವ, ಅಷ್ಟ ಹೌದಲ್ಲೋ?" ಅಂದ. ನಾನು ಹೌದು ಅಂದೆ. ಮೂರು ವರ್ಷದ ಬಿಎಸ್ಸಿ ಮುಗಿಯಿತು!

ಅಷ್ಟೇ ಅಲ್ಲ. "ಫಾಲ್ಸಿನ ಬುಡಕ್ಕ ನೀರ ತಗೋಬ್ಯಾಡ್ರಿ ಅನ್ನು, ಅಲ್ಲಿ ನೀರು ನೊರಿ ನೊರಿ ಆಗಿ ಗಾಳಿ ಕುಡದು ಬಂದಿರತೈತಿ" ಅಂತ ಅವನೇ ಹೇಳಿದ. ಅದು ಸರಿಯಾದ ಮಾತು. 170 ಅಡಿ ಬಿದ್ದ ನೀರಿನಲ್ಲಿ ಆಮ್ಲಜನಕ ಅಳೆದರೆ ಹೊಳೆ ಆರೋಗ್ಯವಾಗಿಯೇ ಕಾಣುತ್ತದೆ. ಆಗಸ್ಟಿನ ಹೊಳೆಯ ಅಂಕಿಯನ್ನು ತೋರಿಸಿ, ಕಬ್ಬು ಅರೆಯುವ ಹಂಗಾಮು ನಡೆದು ಹರಿವು ಬತ್ತಿದ ಮಾರ್ಚಿನ ಹೊಳೆಯ ಮಾತಾಡಲಾಗದು. ಎಲ್ಲಿ, ಯಾವಾಗ ಬಾಟಲಿ ಅದ್ದಬೇಕು ಅನ್ನುವುದು ದಂಡೆಯವರಿಗೆ ಗೊತ್ತು. ಹಾಗಾಗಿ ಅವರನ್ನು ಹೊರಗಿಟ್ಟರೆ ವಿಜ್ಞಾನಕ್ಕೇ ನಷ್ಟ.

ಕಾಸರಗೋಡಿನ ಕಥೆ ನಿಮಗೆ ಗೊತ್ತೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ ಏನೋ ಸರಿಯಿಲ್ಲ ಅಂತ ಮೊದಲು ಕಂಡದ್ದು ಊರವರಿಗೆ. ಅದನ್ನು ಬರೆದವರು ಅಲ್ಲಿಯೇ ಇದ್ದ ಪತ್ರಕರ್ತ ಶ್ರೀಪಡ್ರೆ, ರೋಗಿಗಳ ಲೆಕ್ಕ ಇಟ್ಟವರು ಹಳ್ಳಿಯ ವೈದ್ಯರು. ಲ್ಯಾಬುಗಳು ಬಂದದ್ದು ಆಮೇಲೆ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಆ ವಿಷವನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು, ಮರುತಿಂಗಳು ನಮ್ಮ ಸುಪ್ರೀಂ ಕೋರ್ಟು ತಡೆ ಹಾಕಿತು. ಅಂದರೆ ಅಂತಾರಾಷ್ಟ್ರೀಯ ಸಭೆಗಳಿಂದ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. ಹಳ್ಳಿಯ ಮಾತು ಅಲ್ಲಿ ತನಕ ಹೋಗುವುದಕ್ಕೆ, ಅಲ್ಲಿಯ ಮಾತು ಹಳ್ಳಿಗೆ ಬರುವುದಕ್ಕೆ ದಾರಿ ಬೇಕು ಅನ್ನುತ್ತಿದ್ದೇನೆ.

ಕಾನೂನಿನಲ್ಲಿ ಈ ದಾರಿ ಇದೆ. 1974ರ ಜಲಮಾಲಿನ್ಯ ಕಾಯ್ದೆಯ 17ನೇ ಕಲಂ ರಾಜ್ಯ ಮಂಡಳಿಗೆ ವಹಿಸಿದ ಕೆಲಸಗಳಲ್ಲಿ ಮಾಹಿತಿ ಸಂಗ್ರಹಿಸುವುದರ ಜೊತೆಗೆ ಅದನ್ನು ಪ್ರಸಾರ ಮಾಡುವುದೂ ಸೇರಿದೆ. ಜಾಲತಾಣಕ್ಕೆ ಇಂಗ್ಲಿಷ್ ಕೋಷ್ಟಕ ಏರಿಸಿದರೆ ನನ್ನಂಥವನಿಗೆ ಪ್ರಸಾರ ಆದ ಹಾಗೆ. ನನ್ನ ಅಕ್ಕನಿಗೆ? ಗೋಕಾಕ ಅನ್ನುವ ಹೆಸರು ಕೇಳಿದರೆ ಕನ್ನಡ ನಾಡಿಗೆ ಕರದಂಟು ಬಿಟ್ಟರೆ ನೆನಪಾಗುವುದು 1982ರ ಚಳವಳಿ. (ಅದು ವಿ.ಕೃ. ಗೋಕಾಕರ ವರದಿಯ ಹೆಸರು, ಊರಿನದಲ್ಲ. ಆದರೂ ನಮಗೆ ಸ್ವಲ್ಪ ಜಂಬ ಇದೆ.) ಕನ್ನಡಕ್ಕಾಗಿ ನಾಡು ಬೀದಿಗಿಳಿದ ಹೆಸರಿನ ಊರಲ್ಲಿ ಕುಡಿಯುವ ನೀರಿನ ಅಂಕಿಯೊಂದು ಗೋಡೆಯ ಮೇಲೆ ಕನ್ನಡದಲ್ಲಿ ಇರಬಾರದೆ?

ನಾನು ಕೇಳುವುದು ದೊಡ್ಡದಲ್ಲ. ಪಂಚಾಯಿತಿ ಗೋಡೆಯಲ್ಲಿ ಹಾಲಿನ ಡೇರಿಯ ಫ್ಯಾಟ್ ಬರೆಯುವಂಥ ಒಂದು ಕರಿಹಲಗೆ. ಯಾವ ಬೋರು, ಯಾವ ತಾರೀಖು, ಎಷ್ಟು ಬಂತು, ಎಷ್ಟಿರಬೇಕು, ಕೂಸಿಗೆ ಕೊಡಬಹುದೋ ಬೇಡವೋ. ಸಮ್ಮೇಳನ ಮಾಡುವವರು ನೀರು ತೆಗೆದ ಊರಿಗೆ ಒಂದು ಪುಟ ಕನ್ನಡದಲ್ಲಿ ಕಳಿಸಿದ ಮೇಲೆಯೇ ಪೋಸ್ಟರಿಗೆ ಜಾಗ ಕೊಡಲಿ. ನೀರಿನ ಆಮ್ಲಜನಕ ಅಳೆಯುವ ವಿಂಕ್ಲರ್ ಪದ್ಧತಿ 1888ರದ್ದು, ಹೆಚ್ಚುಕಡಿಮೆ ನಮ್ಮ ಫಾಲ್ಸಿನ ನೂಲಿನ ಗಿರಣಿಯಷ್ಟೇ ಹಳೆಯದು. ನಾನು ಕಾಲೇಜಿನಲ್ಲಿ ಕೈಯಾರೆ ಮಾಡಿದ್ದು. ಆಮ್ಲಜನಕ ಇದ್ದರೆ ಬಾಟಲಿಯಲ್ಲಿ ಕಂದು ಗಷ್ಟು ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಮೂರು ತಾಲ್ಲೂಕಿನ ಕಾಲೇಜು ಹುಡುಗರು ಮೇಷ್ಟ್ರ ಎದುರಿಗೆ ತಿಂಗಳಿಗೊಮ್ಮೆ ಮಾಡಿ ಬರೆದು ಹಾಕುವಂಥದ್ದು.

ಅಕ್ಕ ಅಂತೂ ಕಾಯುವವಳಲ್ಲ. ನಿನ್ನೆ ಊರಿಂದ ಬಂದವರ ಕೈಯಲ್ಲಿ ಐದು ಬಾಟಲಿ ಕಳಿಸಿದ್ದಾಳೆ. ಐಸ್ ಹಾಕಿ ಡಬ್ಬಿಯಲ್ಲಿಡು ಅಂದಿದ್ದೆ, ಇಟ್ಟಿದ್ದಾಳೆ. ಒಂದೊಂದಕ್ಕೂ ಚೀಟಿ ಅಂಟಿಸಿ ಹೆಸರು ಬರೆದಿದ್ದಾಳೆ: "ನಮ್ಮ ಬೋರು", "ಬಾಜೂ ಮನಿ", "ಸಾಲಿ ಹಿಂದಿಂದು", "ಗುಡಿ ಮುಂದಿಂದು", "ಕಾಲುವಿ ಕಡೆ ತೋಟದ್ದು". ನಾಳೆ ಲ್ಯಾಬಿಗೆ ಒಯ್ಯಬೇಕು. ಬಂದ ಅಂಕಿಯನ್ನು ಇದೇ ಹೆಸರುಗಳಲ್ಲಿ ಬರೆದು ವಾಪಸ್ ಕಳಿಸುತ್ತೇನೆ. ನಿಮ್ಮೂರಿನಲ್ಲಿ ಇಂಥ ಹಲಗೆ ಎಲ್ಲಾದರೂ ಕಂಡಿದ್ದರೆ ಕಾಮೆಂಟಿನಲ್ಲಿ ತಿಳಿಸಿ, ಹೇಗೆ ಬರೆದಿದ್ದಾರೆ ನೋಡಬೇಕಾಗಿದೆ.