ಆಟದ ನಗರ, ನಮ್ಮ ನಗರ

ವಿಡಿಯೋ ಗೇಮ್ ಎಂದೊಡನೆ ಮುಖ ಸಿಂಡರಿಸುವುದು ನಮ್ಮ ಅಧ್ಯಾಪಕವರ್ಗದ ರೂಢಿ. ಅದರಲ್ಲಿಯೂ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬ ಆಟಮಾಲೆಯ ಹೆಸರೆತ್ತಿದರೆ ರಾಜಾಜಿನಗರ, ವಿಜಯನಗರಗಳ ತಾಯ್ತಂದೆಯರಿಗೆ ಅದು ಕಳ್ಳತನ ಕೊಲೆಗಳ ಪಾಠಶಾಲೆಯೆಂದೇ ತೋರುವುದು. ಈ ಆಕ್ಷೇಪಣೆ ನಿರಾಧಾರವಲ್ಲ. ಆಟವನ್ನು ವಯಸ್ಕರಿಗೆಂದು ಗುರುತು ಮಾಡಿಯೇ ಮಾರುವರು. ಪ್ರೌಢಶಾಲೆಯ ಹುಡುಗರು ಅದನ್ನು ಆಡತಕ್ಕುದಲ್ಲವೆಂಬುದೇ ನನ್ನ ಮತವೂ ಹೌದು. ಆದರೆ ಹಿಂಸೆಯ ಆಕರ್ಷಣೆಯಿಂದ ಮಾತ್ರವೇ ಅದು ಗೆದ್ದಿತೆಂಬ ಮಾತನ್ನು ಒಪ್ಪಲಾರೆ. ಹಿಂಸೆ ತುಂಬಿದ ಆಟಗಳು ಎಷ್ಟೋ ಬಂದು ಹೆಸರಿಲ್ಲದಂತೆ ಹೋಗಿವೆ.

ಮಾಲೆಯ ಮೊದಲನೆಯ ಆಟ 1997ರಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಡಿ.ಎಂ.ಎ. ಡಿಸೈನ್ ಸಂಸ್ಥೆಯಿಂದ ಹೊರಬಂದಿತು. ಆಗ ಅದು ಹಕ್ಕಿ ಮೇಲಿನಿಂದ ನೋಡಿದಂಥ ಚಪ್ಪಟೆಯಾದ ನಗರ. ತಯಾರಿಕೆಯ ಕಾಲದಲ್ಲಿ ಪೊಲೀಸ್ ಕಾರುಗಳನ್ನು ನಡೆಸುವ ಲೆಕ್ಕದಲ್ಲಿ ದೋಷವೊಂದು ಸೇರಿ, ಅವು ಹುಚ್ಚೆದ್ದಂತೆ ಆಟಗಾರನ ಮೇಲೆ ನುಗ್ಗತೊಡಗಿದುವಂತೆ. ಪರೀಕ್ಷಿಸುತ್ತಿದ್ದವರಿಗೆ ಅದೇ ರುಚಿಸಿತು. 2001ರ ಮೂರನೆಯ ಆಟದಲ್ಲಿ ನಗರಕ್ಕೆ ಎತ್ತರ ಆಳಗಳು ಬಂದುವು. 2008ರ ನಾಲ್ಕನೆಯದರಲ್ಲಿ, ಕಾರು ತಾಗಿ ಬೀಳುವ ಮನುಷ್ಯನ ಚಲನೆಯನ್ನು ಮೊದಲೇ ಚಿತ್ರಿಸಿಡದೆ, ದೇಹದ ಭಾರ, ಸ್ನಾಯುಗಳ ಎಳೆತ ಇವನ್ನು ಗಣಕಯಂತ್ರವೇ ಆ ಕ್ಷಣದಲ್ಲಿ ಲೆಕ್ಕ ಹಾಕಿತು. 2013ರ ಸೆಪ್ಟೆಂಬರಿನಲ್ಲಿ ಬಂದ ಐದನೆಯ ಆಟ ಮೂರೇ ದಿನಗಳಲ್ಲಿ 100 ಕೋಟಿ ಡಾಲರುಗಳ ಮಾರಾಟವನ್ನು ಕಂಡಿತು. ಇಂದಿಗೆ ಅದರ 20 ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿವೆ. ಇಲ್ಲದ ನಗರದ ಇಲ್ಲದ ನಾಣ್ಯವನ್ನು ನಿಜವಾದ ಹಣಕ್ಕೆ ಮಾರುವ ವ್ಯಾಪಾರವೂ ಇದಕ್ಕೆ ಜೊತೆಗೂಡಿದೆ. ಹಿಂಸೆಗಿಂತಲೂ ಇದು ನನಗೆ ಹೆಚ್ಚು ಅಸಹ್ಯ.

ಈ ನಗರ ನಂಬುವಂತಿರುವುದು ಅಲ್ಲಿಯೂ ವಸ್ತುಗಳು ನ್ಯೂಟನ್ನನ ಮಾತನ್ನು ಬಹುಮಟ್ಟಿಗೆ ಕೇಳುವುದರಿಂದ. ಯಂತ್ರವು ಕಾಲವನ್ನು ಚೂರು ಚೂರಾಗಿ ಕತ್ತರಿಸಿ, ಪ್ರತಿ ಚೂರಿನಲ್ಲಿಯೂ ಮೊದಲು ವೇಗವನ್ನು, ಅನಂತರ ಸ್ಥಾನವನ್ನು ತಿದ್ದುತ್ತ ಹೋಗುವುದು. ಕಲ್ಲೊಂದು ಒಂದು ಸೆಕೆಂಡು ಬೀಳಲಿ. ಗುರುತ್ವದ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಳ್ಳೋಣ. ಪುಸ್ತಕದ ಉತ್ತರ 5 ಮೀಟರು. ಸೆಕೆಂಡನ್ನು ನಾಲ್ಕು ಚೂರು ಮಾಡಿದರೆ ವೇಗಗಳು 2.5, 5, 7.5, 10, ಬಿದ್ದ ದೂರ 6.25 ಮೀಟರು. ತಪ್ಪು ಬಹಳವಾಯಿತು. ಅರುವತ್ತು ಚೂರು ಮಾಡಿದರೆ 5.08. ಕಣ್ಣಿಗೆ ಈ ವ್ಯತ್ಯಾಸ ತಿಳಿಯದು. ಚಲನಕಲನವನ್ನು ಪರೀಕ್ಷೆಗೆಂದು ಉರುಹೊಡೆಯುವ ನಮ್ಮ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಹೇಳುವವರೇ ಇಲ್ಲ.

ಇದೆಲ್ಲ ಪರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ತೆರೆದರು. ಭಾರತದ ಮೊದಮೊದಲ ಆಟತಯಾರಕರಲ್ಲಿ ಅದೂ ಒಂದು. ‘ಫೋರ್ಜಾ’ ಮಾಲೆಯಂಥ ಹೆಸರಾಂತ ಆಟಗಳಿಗೆ ಇಲ್ಲಿಯ ಕಲಾವಿದರು ದುಡಿದರು. ಸಂಸ್ಥೆ 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್‌ಗೆ ಸೇರಿತು; 2019ರಲ್ಲಿ ಆ ಪಾಲನ್ನು ಸುಮಾರು 79 ಲಕ್ಷ ಡಾಲರುಗಳಿಗೆ ಕೊಂಡುದು ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ಒಡೆಯರಾದ ರಾಕ್‌ಸ್ಟಾರ್ ಸಂಸ್ಥೆಯೇ. ಒಂದು ಆಟದ ಮಾರಾಟದ ಮೊತ್ತವನ್ನೂ ಒಂದು ಸಂಸ್ಥೆಯ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದನ್ನು ಬಲ್ಲೆ. ಆದರೂ 100 ಕೋಟಿ ಎಲ್ಲಿ, 79 ಲಕ್ಷ ಎಲ್ಲಿ! ಒಂದೇ ವರ್ಷ ಹುಟ್ಟಿದ ಎರಡರಲ್ಲಿ ಒಂದು ತನ್ನದೇ ಕಥೆಯನ್ನು, ತನ್ನದೇ ನಗರವನ್ನು ಕಟ್ಟಿ ಅದರ ಹಕ್ಕನ್ನು ಉಳಿಸಿಕೊಂಡಿತು. ಇನ್ನೊಂದು ಬಹುಕಾಲ ಪರರ ನಗರಗಳಿಗೆ ಕಾರುಗಳನ್ನೂ ಕಟ್ಟಡಗಳನ್ನೂ ಮಾಡಿಕೊಟ್ಟಿತು. ಕೈಚಳಕದ ಕೊರತೆ ನಮ್ಮವರಲ್ಲಿ ಇರಲಿಲ್ಲ.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕಕ್ಕೆ ಕೊಡುವ ಗಂಟೆಗಳಲ್ಲಿ ಒಂದನ್ನು ಮೇಲಿನ ಕಲ್ಲಿನ ಲೆಕ್ಕಕ್ಕೆ ಕೊಡಬಾರದೇಕೆ? ಮೊದಲು ಕಲ್ಲು, ಆಮೇಲೆ ನೆಲಕ್ಕೆ ಬಡಿದು ಪುಟಿಯುವ ಚೆಂಡು, ಆಮೇಲೆ ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಬಸ್ಸು. ಅದಕ್ಕೆ ಬೇಕಾದುದು ಒಂದು ಸಾಧಾರಣ ಗಣಕಯಂತ್ರ, ಹತ್ತಿಪ್ಪತ್ತು ಸಾಲುಗಳ ಆದೇಶ, ಅಷ್ಟೆ.